ಒಂದು ತಿಂಗಳ ಉಪ್ಪು

ನನ್ನ ತಮ್ಮನ ಅಳಿಯನಿಗೆ ಆಹಾರ ಇಲಾಖೆಯಲ್ಲಿ ಕೆಲಸವಾಗಿದೆ. ಹೋದ ವಾರ ಕಿತ್ತಳೆ ಹಣ್ಣಿನ ಬುಟ್ಟಿ ಹಿಡಿದುಕೊಂಡು ಬಂದು ಕಾಲು ಮುಟ್ಟಿದ. “ಮಾವ, ನೀವು ಇದೇ ಕೆಲಸದಲ್ಲಿ ಸವೆದವರು. ಮುಖ್ಯವಾದದ್ದು ಏನಾದರೂ ಒಂದು ಹೇಳಿ” ಎಂದ. “ಕಾಲಿಗೆ ಜಿಗಣೆ ಹತ್ತಿದರೆ ಕಿತ್ತು ತೆಗೆಯಬೇಡ, ಉಪ್ಪು ಮುಟ್ಟಿಸು” ಎಂದೆ. ಅವನು ನಕ್ಕ. ಮುದುಕನಿಗೆ ಅರಳು ಮರಳು ಎಂದುಕೊಂಡಿರಬೇಕು. ನಾನು ತಮಾಷೆಗೆ ಹೇಳಿದ್ದಲ್ಲ. ಆದರೆ ಅರ್ಧ ಹೇಳಿ ಕಳಿಸಿದ್ದು ತಪ್ಪಾಯಿತು. ಉಳಿದರ್ಧವನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಯಾವಾಗ ಯಾವ ಹುದ್ದೆಗೆ ಏರಿದೆ ಎಂಬುದನ್ನು ಬಿಟ್ಟುಬಿಡುತ್ತೇನೆ. ಅದನ್ನು ನಿವೃತ್ತಿಯ ದಿನ ಹಾರ ಹಾಕಿದವರು ಓದಿ ಹೇಳಿದ್ದಾರೆ, ನಾನೂ ಕೇಳಿ ತೂಕಡಿಸಿದ್ದೇನೆ. ಹೇಳಬೇಕಾದದ್ದು ಶುರುವಿನ ಎರಡು ಮೂರು ವರ್ಷಗಳ ಸಂಗತಿ. ಆಗ ಕೊಡಗನ್ನು ಬ್ರಿಟಿಷರ ಕಮಿಷನರು ಆಳುತ್ತಿದ್ದರು. ಊರುಗಳನ್ನು ಪಟೇಲರೂ, ಕೆಲವು ಊರುಗಳು ಸೇರಿದ ನಾಡನ್ನು ಪಾರುಪತ್ಯಗಾರರೂ ನೋಡಿಕೊಳ್ಳುತ್ತಿದ್ದರು. ಅಂಥ ಒಬ್ಬ ಪಾರುಪತ್ಯಗಾರರ ಕಚೇರಿಯಲ್ಲಿ ನಾನು ಗುಮಾಸ್ತ. ಹುಟ್ಟೂರು ಮೂರ್ನಾಡು. ಕೈಬರಹ ಚೆನ್ನಾಗಿತ್ತು. ಕೈಬರಹ ಚೆನ್ನಾಗಿದ್ದವನಿಗೆ ತಲೆಯೂ ಚೆನ್ನಾಗಿರುತ್ತದೆ ಎಂದು ಆಗಿನವರು ನಂಬುತ್ತಿದ್ದರು. ನಾನೂ ನಂಬಿದ್ದೆ.

ಯುದ್ಧ ನಡೆಯುತ್ತಿತ್ತು. ಬರ್ಮಾದಿಂದ ಬರುವ ಅಕ್ಕಿ ನಿಂತುಹೋಗಿತ್ತು. ಘಟ್ಟದ ಕೆಳಗೆ ಮಲಬಾರಿನವರ ಹೊಟ್ಟೆಗೆ ಅನ್ನವಿಲ್ಲ. ನಮ್ಮ ಕೊಡಗಿನಲ್ಲಿ ಭತ್ತವಿತ್ತು. ಇದ್ದದ್ದನ್ನು ಅಳೆದು ಸರ್ಕಾರಕ್ಕೆ ಇಷ್ಟು ಎಂದು ಪ್ರತಿ ಊರಿನಿಂದ ಎತ್ತುವುದು, ಚೀಟಿಯಿಲ್ಲದೆ ಒಂದು ಸೇರೂ ಗಡಿ ದಾಟದಂತೆ ಕಾಯುವುದು, ಹೊರಗಿನಿಂದ ಬರುವ ಸೀಮೆಎಣ್ಣೆ, ಬಟ್ಟೆ, ಉಪ್ಪನ್ನು ಚೀಟಿಯ ಮೇಲೆ ಹಂಚುವುದು ನಮ್ಮ ಕೆಲಸ. ಕಾಗದದ ಮೇಲೆ ಮೂರು ಸಾಲಿನಲ್ಲಿ ಮುಗಿಯುವ ಕೆಲಸ. ಮಾಡಲು ಹೋದರೆ ಒಂದು ಸಾಲೂ ಮುಗಿಯುತ್ತಿರಲಿಲ್ಲ.

ಮೊದಲು ನನ್ನನ್ನು ಘಾಟಿಯ ಬಾಯಲ್ಲಿದ್ದ ಗೇಟಿಗೆ ಹಾಕಿದ್ದರು. ಕೆಳಗಿನಿಂದ ಜನ ಒಣಮೀನು ಹೊತ್ತು ಬರುವರು, ಹೋಗುವಾಗ ಸೊಂಟದಲ್ಲಿ, ಮುಂಡಾಸಿನಲ್ಲಿ ಹಿಡಿ ಹಿಡಿ ಅಕ್ಕಿ ಕಟ್ಟಿಕೊಂಡು ಇಳಿಯುವರು. ಹಿಡಿಯಬೇಕೆಂದು ಆಜ್ಞೆ. ಹಿಡಿದೆವು. ಅದಾದ ಮೇಲೆ ಒಬ್ಬ ಮುದುಕಿ ಬಾಳೆಲೆಯ ದೊಡ್ಡ ಗಂಟು ಹೊತ್ತು ಬಂದಳು. ಬಿಚ್ಚಿಸಿದರೆ ಒಳಗೆ ಬೇಯಿಸಿದ ಅನ್ನದ ಉಂಡೆಗಳು. ಅಕ್ಕಿ ಒಯ್ಯಬಾರದು ಎಂದರು, ಅನ್ನ ಒಯ್ಯಬಾರದು ಎಂದು ಯಾರೂ ಹೇಳಲಿಲ್ಲ ಎಂದು ಮಲಯಾಳದಲ್ಲಿ ವಾದ ಹೂಡಿದಳು. ಆಜ್ಞೆಯಲ್ಲಿ ನೋಡಿದರೆ ನಿಜಕ್ಕೂ ಅನ್ನದ ಮಾತಿಲ್ಲ. ನಾನು ಕಚೇರಿಗೆ ಬರೆದು ಕೇಳಿದೆ. ಪಾರುಪತ್ಯಗಾರರು ನನ್ನ ಕಾಗದದ ಅಂಚಿನಲ್ಲೇ ಬರೆದು ಕಳಿಸಿದರು: “ಅನ್ನವನ್ನು ತಡೆದವನು ಯಾವ ಜನ್ಮಕ್ಕೂ ಉದ್ಧಾರವಾಗುವುದಿಲ್ಲ. ಬಿಡು.” ಕೆಳಗೆ ಸಹಿ ಇರಲಿಲ್ಲ. ಉದ್ಧಾರದ ಮಾತಿಗೆ ಸಹಿ ಹಾಕಿದರೆ ಮೇಲಿನವರು ಏನಾದರೂ ಅಂದಾರು ಎಂಬ ಹೆದರಿಕೆ.

ಅವರು ಹಾಗೆಯೇ. ಒಳ್ಳೆಯವರು, ಪುಕ್ಕಲರು. ನಶ್ಯದ ಡಬ್ಬಿ ಕೈಯಲ್ಲೇ ಇರುತ್ತಿತ್ತು. ಮಡಿಕೇರಿಯಿಂದ ಲಕೋಟೆ ಬಂದರೆ ಒಂದು ಚಿಟಿಕೆ ಏರಿಸಿಯೇ ಒಡೆಯುವರು. ನಾನು ಕಂಡ ಮೇಲಧಿಕಾರಿಗಳಲ್ಲಿ ಒಳ್ಳೆಯತನ, ಧೈರ್ಯ ಎರಡೂ ಒಟ್ಟಿಗೆ ಇದ್ದವರು ಕಡಿಮೆ. ಒಂದಿದ್ದರೆ ಸಾಕೆಂದು ತೃಪ್ತಿಪಟ್ಟುಕೊಳ್ಳುವುದನ್ನು ಕಲಿಯಬೇಕು.

ಆ ವರ್ಷ, ಹೊಸ ಕದಿರನ್ನು ಮನೆಗೆ ತರುವ ಹುತ್ತರಿ ಹಬ್ಬದ ಮರುದಿನ ಇನ್ನೊಂದಾಯಿತು. ಮಾದಾಪುರದ ಕಡೆ ತೋಟದಲ್ಲಿ ಕೆಲಸ ಮಾಡುವ ಒಬ್ಬಾತ ತನ್ನ ಊರಿನ ಗದ್ದೆಯಿಂದ ಹೊಸ ಕದಿರಿನ ಕಟ್ಟು ಹಿಡಿದುಕೊಂಡು ಬಂದ. ಕದಿರೆಂದರೆ ಭತ್ತ, ಭತ್ತಕ್ಕೆ ಚೀಟಿ ಬೇಕು. ನಾನು ಚೀಟಿ ಕೇಳಿದೆ. ಆತ ಕಟ್ಟಿನಿಂದ ನಾಲ್ಕು ತೆನೆ ಎಳೆದು ನನ್ನ ಕೈಗಿಟ್ಟ. “ನಿಮ್ಮ ಗೇಟಿಗೂ ಕಟ್ಟಿ. ಹಬ್ಬ ಅಲ್ವಾ” ಎಂದ. ಕಟ್ಟಿದೆ. ಸಂಜೆ ತಪಾಸಣೆಗೆ ಬಂದ ಪಾರುಪತ್ಯಗಾರರು ಅದನ್ನು ಕಂಡು ಮೆಟ್ಟು ಕಳಚಿ ಕೈಮುಗಿದರು. ಮರುವಾರ ನನ್ನನ್ನು ಗೇಟಿನಿಂದ ಎತ್ತಿ ಕಚೇರಿಯೊಳಗೆ ಕೂರಿಸಿದರು. ಬಹುಶಃ ಗೇಟಿಗೆ ನಾನು ಲಾಯಕ್ಕಲ್ಲ ಎಂದು. ಕಚೇರಿಗೆ ಇನ್ನೂ ಕಡಿಮೆ ಲಾಯಕ್ಕೆಂದು ಅವರಿಗೆ ಹೇಗೆ ಗೊತ್ತಾಗಬೇಕು?

ಈಗ ನೇರಳೆಮೊಟ್ಟೆಯ ವಿಷಯಕ್ಕೆ ಬರುತ್ತೇನೆ.

ಭಾಗಮಂಡಲದಿಂದ ಆಚೆ, ಹೊಳೆ ದಾಟಿ, ಎರಡು ಗುಡ್ಡ ಹತ್ತಿ ಇಳಿದರೆ ಆ ಊರು. ಹೆಚ್ಚಿನವರು ನಮ್ಮಂತೆಯೇ ಅರೆಭಾಷೆ ಆಡುವ ಗೌಡರು. ಗದ್ದೆಯ ದೊಡ್ಡ ಪಾಲು ಪಟೇಲ ಸುಬ್ಬಯ್ಯನವರದು. ಉಳಿದವರು ಅವರ ಗದ್ದೆಯಲ್ಲಿ ದುಡಿದು ಕೂಲಿಗೆ ಭತ್ತ ಪಡೆಯುವವರು. ಹುತ್ತರಿಗಿಂತ ಒಂದು ತಿಂಗಳು ಮೊದಲು, ನಾನಿನ್ನೂ ಗೇಟಿನಲ್ಲಿದ್ದಾಗ, ಪೈರಿನ ಅಂದಾಜು ಬರೆಯಲು ಜನ ಸಾಲದೆ ನನ್ನನ್ನು ಅಲ್ಲಿಗೆ ಕಳಿಸಿದ್ದರು. ಮಳೆ ಬಿಟ್ಟಿದ್ದರೂ ನೆಲ ಆರಿರಲಿಲ್ಲ. ಊರು ಮುಟ್ಟುವಷ್ಟರಲ್ಲಿ ಎರಡೂ ಕಾಲಿಗೆ ಜಿಗಣೆ ಜೋತಾಡುತ್ತಿದ್ದವು. ನಾನು ಒಂದು ಮನೆಯ ಅಂಗಳದಲ್ಲಿ ನಿಂತು ಕುಣಿಯುತ್ತ ಅವನ್ನು ಕೀಳುತ್ತಿದ್ದೆ.

ಹನ್ನೆರಡು ಹದಿಮೂರರ ಒಂದು ಹುಡುಗಿ ಒಳಗಿನಿಂದ ಬಂದಳು. ಕೈಯಲ್ಲಿ ಮೊಳದುದ್ದದ ಕೋಲು, ಅದರ ತುದಿಗೆ ಬಟ್ಟೆಯಲ್ಲಿ ಕಟ್ಟಿದ ಉಪ್ಪಿನ ಗಂಟು. ಆ ಸೀಮೆಯಲ್ಲಿ ಮನೆಮನೆಯ ಬಾಗಿಲ ಬಳಿ ಅಂಥದೊಂದು ಕೋಲು ಇರುತ್ತದೆ. ಗಂಟನ್ನು ನೀರಿಗೆ ಅದ್ದಿ ಮುಟ್ಟಿಸಿದರೆ ಜಿಗಣೆ ತಾನೇ ಉದುರುತ್ತದೆ.

“ಕೀಳ್ಬೇಡಿ ಗುಮಾಸ್ತರೇ, ಗಾಯ ಆದೆ. ಕಾಲ್ ಚಾಚಿ” ಎಂದಳು. ಒಂದು ಕಾಲು ಮುಗಿಸಿ, “ಇನ್ನೊಂದು ಕಾಲ್” ಎಂದಳು. ಆಮೇಲೆ ನನ್ನ ಊರು ಕೇಳಿ ತಿಳಿದು, ನಗು ತಡೆಯಲಾರದೆ, “ಮೂರ್ನಾಡ್‌ಲಿ ಉಂಬಳ ಇಲ್ಲೆನಾ?” ಎಂದು ಕೇಳಿದಳು. ಜಿಗಣೆಗೆ ನಮ್ಮ ಮಾತಿನಲ್ಲಿ ಉಂಬಳ.

ಅವಳ ಹೆಸರು ಗೌರಿ. ತಾಯಿ ಚಿನ್ನವ್ವ, ಗಂಡ ಸತ್ತು ಪಟೇಲರ ಗದ್ದೆಯಲ್ಲಿ ನಾಟಿ, ಕೊಯ್ಲು ಮಾಡಿಕೊಂಡಿದ್ದವಳು. ಮನೆಯಲ್ಲಿ ಇಬ್ಬರೇ. ಮಧ್ಯಾಹ್ನ ಉಣ್ಣದೆ ಹೋಗಬಾರದೆಂದಳು ಚಿನ್ನವ್ವ. ಬಾಳೆಲೆ ಹಾಕಿ, ಎಲೆಯ ತುದಿಗೆ ಮೊದಲು ಒಂದು ಚಿಟಿಕೆ ಉಪ್ಪು, ಆಮೇಲೆ ಗಂಜಿ, ಉಪ್ಪಿನಲ್ಲಿ ಹಾಕಿದ ಮಾವಿನಮಿಡಿ ಬಡಿಸಿದಳು. ನಾನು ಉಂಡು, ಕೈತೊಳೆದು, ಆ ಊರಿನ ಗದ್ದೆಗಳಲ್ಲಿ ಎಷ್ಟು ಭತ್ತವಾದೀತೆಂದು ಬರೆಯಲು ಕೂತೆ. ಉಂಡ ಮನೆಯ ಜಂತೆ ಎಣಿಸಬಾರದು ಎಂದು ಹಿರಿಯರು ಹೇಳುತ್ತಾರೆ. ನಮ್ಮ ಕಸುಬೇ ಅದು.

ಕೊಯ್ಲಾಯಿತು. ನೇರಳೆಮೊಟ್ಟೆಯಿಂದ ಬರಬೇಕಾದ ಭತ್ತದಲ್ಲಿ ಅರ್ಧ ಮಾತ್ರ ಬಂತು. ಪಟೇಲರು ಹಂದಿ ತಿಂದವು, ಇಲಿ ತಿಂದವು ಎಂದು ಹೇಳಿ ಕಳಿಸಿದರು. ಅವರು ಅಡಗಿಸಿಟ್ಟಿದ್ದಾರೆಂದು ಎಲ್ಲರಿಗೂ ಗೊತ್ತು, ಎಲ್ಲಿ ಎಂದು ಯಾರಿಗೂ ಗೊತ್ತಿಲ್ಲ. ಅಷ್ಟರಲ್ಲಿ ಮೇಲಿನಿಂದ ಹೊಸ ಆಜ್ಞೆ ಬಂತು. ಭತ್ತ ಪೂರ್ತಿ ಕೊಡದ ಊರಿಗೆ ಚೀಟಿಯ ಸಾಮಾನು ನಿಲ್ಲಿಸಬಹುದು, ಎಷ್ಟು ದಿನವೆಂದು ನಾಡ ಕಚೇರಿಯೇ ತೀರ್ಮಾನಿಸಲಿ ಎಂದಿತ್ತು. ಒಳಗಿನ ಯೋಚನೆ ಸರಳ. ಊರವರಿಗೆ ತೊಂದರೆಯಾದರೆ ಅವರೇ ಪಟೇಲನ ಕುತ್ತಿಗೆ ಹಿಡಿಯುತ್ತಾರೆ. ನನಗದು ಬಹಳ ಜಾಣತನದ ಯೋಚನೆ ಎನಿಸಿತ್ತು. ಪೊಲೀಸರಿಲ್ಲ, ಹೊಡೆತ ಬಡಿತವಿಲ್ಲ. ಒಂದು ಚೀಟಿಗೆ ಮೊಹರು ಬೀಳದಿದ್ದರೆ ಸಾಕು.

ಬೇರೆ ಕಚೇರಿಗಳಲ್ಲಿ ‘ಭತ್ತ ಬರುವವರೆಗೆ’ ಎಂದು ಬರೆದರಂತೆ. ನಾನು ಕರುಣಾಳು. ‘ಒಂದು ತಿಂಗಳು ಮಾತ್ರ’ ಎಂದು ಬರೆದೆ. ಮೇ ತಿಂಗಳ ಮೊದಲ ತಾರೀಖಿನಿಂದ ಕೊನೆಯ ತಾರೀಖಿನವರೆಗೆ. ಪಾರುಪತ್ಯಗಾರರು ಕರಡನ್ನು ಓದಿ ನಶ್ಯದ ಡಬ್ಬಿಯನ್ನು ತಿರುಗಿಸುತ್ತ ಕೂತರು.

“ಅಲ್ಲಯ್ಯಾ, ಮಳೆಗೆ ಮುಂಚೆ ಮುಗಿಯುತ್ತದಲ್ಲ?” ಎಂದು ಕೇಳಿದರು.

“ಮೇ ಮೂವತ್ತೊಂದಕ್ಕೆ ಮುಗಿಯುತ್ತದೆ ಸ್ವಾಮಿ. ಮಳೆ ಜೂನಿಗೆ” ಎಂದು ಗೋಡೆಯ ಕ್ಯಾಲೆಂಡರು ತೋರಿಸಿದೆ.

ಅವರು ಕ್ಯಾಲೆಂಡರನ್ನೂ ನನ್ನ ಕೈಬರಹವನ್ನೂ ನೋಡಿ ಸಹಿ ಹಾಕಿದರು.

ನನ್ನ ತಪ್ಪು ಎಲ್ಲಿ ಎಂದು ಹೊಳೆಯಾಚೆಯ ಯಾವ ಮಗುವನ್ನು ಕೇಳಿದ್ದರೂ ಹೇಳುತ್ತಿತ್ತು. ಮೂರ್ನಾಡಿನಲ್ಲಿ ಹುಟ್ಟಿದವನಿಗೆ ಉಪ್ಪೆಂದರೆ ಬೇಕಾದಾಗ ಅಂಗಡಿಗೆ ಹೋಗಿ ತರುವ ವಸ್ತು. ನೇರಳೆಮೊಟ್ಟೆಯವರಿಗೆ ವರ್ಷದಲ್ಲಿ ಉಪ್ಪು ಕೊಳ್ಳುವ ತಿಂಗಳೇ ಮೇ. ಮಳೆ ಹಿಡಿದರೆ ಹೊಳೆಯಲ್ಲಿ ದೋಣಿ ಹಾಕುವಂತಿಲ್ಲ. ನಾಲ್ಕು ತಿಂಗಳಿಗೆ ಬೇಕಾದ ಉಪ್ಪು, ಮೆಣಸು, ಒಣಮೀನು ಎಲ್ಲ ಆ ಒಂದು ತಿಂಗಳಲ್ಲಿ ಮನೆ ಸೇರಬೇಕು. ಮಾವಿನಮಿಡಿ, ಹಲಸಿನ ತೊಳೆ ಉಪ್ಪಿಗೆ ಬೀಳುವುದೂ ಆಗಲೇ. ನಾನು ನಿಲ್ಲಿಸಿದ್ದು ಒಂದು ತಿಂಗಳನ್ನಲ್ಲ, ಒಂದು ಮಳೆಗಾಲವನ್ನು.

ಮೇ ಮಧ್ಯದಲ್ಲಿ ಚಿನ್ನವ್ವ ಇನ್ನಿಬ್ಬರು ಹೆಂಗಸರೊಂದಿಗೆ ಕಚೇರಿಗೆ ಬಂದಳು. ಕಂಕುಳಲ್ಲಿ ಮಡಿಸಿದ ಖಾಲಿ ಗೋಣಿ. ನನ್ನನ್ನು ಕಂಡು ಮುಖ ಅರಳಿತು, ಗುರುತಿನವರು ಸಿಕ್ಕರೆಂದು.

“ಮಳೆಗಾಲದ ಉಪ್ಪಿಗೆ ಬಂದದ್” ಎಂದಳು.

ನಾನು ಆಜ್ಞೆಯನ್ನು ವಿವರಿಸಿದೆ. ಜೂನ್ ಒಂದಕ್ಕೆ ಬನ್ನಿ, ಮೊದಲ ಚೀಟಿ ನಿಮಗೇ ಕೊಡುತ್ತೇನೆ ಎಂದೆ.

“ಜೂನಿಗೆ ಎಲ್ಲಿ ದೋಣಿ ಉಟ್ಟು ಗುಮಾಸ್ತರೇ?”

“ಹಾಗಾದರೆ ಭತ್ತ ಕೊಡಲು ಪಟೇಲರಿಗೆ ಹೇಳಿ. ನಾಳೆಯೇ ಚೀಟಿ ಕೊಡುತ್ತೇನೆ.”

“ಅವರ ಗದ್ದೆಲಿ ದುಡಿದು ಉಂಬವು ನಾವು. ಅವರಿಗೆ ಹೇಳಿಕೆ ನಾವು ಎಷ್ಟರವು?” ಎಂದಳು. ಸಿಟ್ಟಿನಿಂದಲ್ಲ, ತಿಳಿಯದವನಿಗೆ ತಿಳಿಸುವ ಹಾಗೆ. ನನ್ನ ಜಾಣ ಯೋಚನೆಯಲ್ಲಿದ್ದ ತೂತು ಆಗಲೇ ಕಾಣಬೇಕಿತ್ತು. ಕಂಡಿತೆಂದೇ ಈಗ ನನಗನಿಸುತ್ತದೆ. ಆದರೆ ಸಹಿಯಾದ ಕಾಗದವನ್ನು ತಿರುಗಿ ಪಾರುಪತ್ಯಗಾರರ ಮುಂದಿಟ್ಟು, ಸ್ವಾಮಿ ನಾನು ತಪ್ಪಿದೆ ಎನ್ನಲು ನಾಲಿಗೆ ಏಳಲಿಲ್ಲ. ಪುಕ್ಕಲುತನದಲ್ಲಿ ನಾನು ಅವರ ತಕ್ಕ ಶಿಷ್ಯ. ಮೂವರು ಹೆಂಗಸರೂ ಖಾಲಿ ಗೋಣಿಯೊಂದಿಗೆ ಹಿಂದಿರುಗಿದರು.

ಆ ವರ್ಷ ಮಳೆ ಕ್ಯಾಲೆಂಡರು ನೋಡಲಿಲ್ಲ. ಮೇ ಕೊನೆಯ ವಾರದಲ್ಲೇ ಹಿಡಿಯಿತು. ಜೂನ್ ಒಂದನೇ ತಾರೀಖು ನಾನು ನೇರಳೆಮೊಟ್ಟೆಯ ಉಪ್ಪಿನ ಚೀಟಿಗೆ ಮೊಹರು ಒತ್ತಿದೆ. ಉಪ್ಪಿನ ಮೂಟೆಗಳು ಭಾಗಮಂಡಲದ ಉಗ್ರಾಣದಲ್ಲಿ ಸಾಲಾಗಿ ಕೂತಿದ್ದವು. ದೋಣಿಯನ್ನು ಮರಕ್ಕೆ ಕಟ್ಟಿ ಅಂಬಿಗರು ಮನೆಗೆ ಹೋಗಿದ್ದರು. ಕಡತದಲ್ಲಿ ಎಲ್ಲವೂ ಸರಿಯಾಗಿತ್ತು.

ಜುಲೈ ಮುಗಿಯುವ ಹೊತ್ತಿಗೆ ಸುದ್ದಿ ಬಂತು. ಅಂಬಿಗರಲ್ಲಿ ಒಬ್ಬ ಹೊಳೆಯ ಆಚೆ ದಡದವರು ಕೂಗಿ ಹೇಳಿದ್ದನ್ನು ಕೇಳಿಸಿಕೊಂಡು ಬಂದಿದ್ದ. ಊರಿನಲ್ಲಿ ವಾಂತಿ ಭೇದಿ ಎದ್ದಿದೆ. ಆಸ್ಪತ್ರೆಯ ಕಾಂಪೌಂಡರನ್ನು ಕರೆಸಿ ಕೇಳಿದೆವು. ವಯಸ್ಸಾದ ಮನುಷ್ಯ, ಅನುಭವಸ್ಥ. “ನಾನು ಕೊಡುವ ಔಷಧ ಅಲ್ಲಿಗೆ ಮುಟ್ಟುವಾಗ ತಡವಾಗಿರುತ್ತದೆ. ಮನೆಯಲ್ಲೇ ಗಂಜಿತಿಳಿಗೆ ಉಪ್ಪು ಹಾಕಿ ಕುಡಿಸುತ್ತಲೇ ಇರಬೇಕು. ಅರ್ಧ ಜನ ಅದರಲ್ಲೇ ಉಳಿದುಕೊಳ್ಳುತ್ತಾರೆ. ಉಪ್ಪು ಯಾರ ಮನೆಯಲ್ಲಿ ಇರುವುದಿಲ್ಲ?” ಎಂದರು.

ಪಾರುಪತ್ಯಗಾರರು ನನ್ನ ಕಡೆ ನೋಡಲಿಲ್ಲ. ನಾನು ಅವರ ಕಡೆ ನೋಡಲಿಲ್ಲ.

ಮಾರನೆಯ ದಿನ ಮಳೆ ಸ್ವಲ್ಪ ಸಡಿಲವಾಯಿತು. ಅಂಬಿಗರ ಕಾಲು ಹಿಡಿಯುವುದೊಂದು ಬಾಕಿ, ಅಷ್ಟು ಬೇಡಿಕೊಂಡೆ. ಒಂದು ಮೂಟೆ ಉಪ್ಪಿನೊಂದಿಗೆ ದಾಟಿಸಿದರು. ಹೊರುವವನು ಒಬ್ಬ, ನಾನೊಬ್ಬ. ಮೂಟೆಯ ಮೇಲೆ ಎಲೆ ಹೊದಿಸಿ, ಅದರ ಮೇಲೆ ಮಳೆಗೆ ತಲೆ ಬೆನ್ನು ಮುಚ್ಚಿಕೊಳ್ಳುವ ಗೊರಬೆ ಕವುಚಿದ್ದೆವು. ಮೊದಲ ಗುಡ್ಡ ಹತ್ತುವುದರೊಳಗೆ ಮಳೆ ಮತ್ತೆ ಕಟ್ಟೊಡೆಯಿತು. ಉಪ್ಪು ಕರಗಿ ಹೊತ್ತವನ ಬೆನ್ನಿನ ಮೇಲೆ ಸುರಿಯತೊಡಗಿತು. ಅವನ ಕಾಲಿಗೆ ಒಂದೂ ಜಿಗಣೆ ಹತ್ತಲಿಲ್ಲ. “ಭಾರ ಕಮ್ಮಿ ಆಗ್ತಾ ಉಂಟು ಗುಮಾಸ್ತರೇ” ಎಂದ ಅವನು, ಸಮಾಧಾನದ ಮಾತೆಂದು. ನಾನು ಅವನ ಹಿಂದೆಯೇ ನಡೆಯುತ್ತ ಹನಿಹನಿಯನ್ನೂ ನೋಡುತ್ತಿದ್ದೆ. ಊರು ಮುಟ್ಟಿದಾಗ ಅರ್ಧ ಮೂಟೆ ಉಳಿದಿತ್ತು.

ಮೊದಲು ಚಿನ್ನವ್ವನ ಮನೆಗೆ ಹೋದೆ. ಒಲೆಯ ಬಳಿ ಒಬ್ಬಳೇ ಕೂತಿದ್ದಳು. ಗೌರಿ ಎಲ್ಲಿ ಎಂದು ಕೇಳುವ ಮೊದಲೇ ಗೊತ್ತಾಯಿತು. ಎಂಟು ದಿನವಾಗಿತ್ತು.

ಅವಳೇ ಹೇಳಿದಳು, ಬೆಂಕಿ ನೋಡುತ್ತ. ಪಟೇಲರ ಮನೆಯಲ್ಲಿ ಹಿಂದಿನ ವರ್ಷದ ಉಪ್ಪು ಎರಡು ಭರಣಿ ಇತ್ತು. ಅವರ ಹೆಂಡತಿ ಒಂದು ಸಲ ಸೆರಗಿನಲ್ಲಿ ಮುಚ್ಚಿ ಒಂದು ಹಿಡಿ ಕೊಟ್ಟಳು. ಎರಡನೇ ಸಲ ಹೋದಾಗ ಪಟೇಲರೇ ಜಗಲಿಯಲ್ಲಿದ್ದರು, ನಮ್ಮ ಭರಣಿಗೂ ತಳ ಉಂಟು ಎಂದರು. ಹುಡುಗಿಗೆ ಭೇದಿ ಹಿಡಿದಾಗ ಮನೆಯಲ್ಲಿ ಒಂದು ಹರಳು ಉಪ್ಪಿಲ್ಲ. ಸಪ್ಪೆ ಗಂಜಿ ಗಂಟಲಲ್ಲಿ ಇಳಿಯಲಿಲ್ಲ. “ಗಂಜಿಗೆ ಉಪ್ಪು ಇಲ್ಲೆನಾ ಅವ್ವಾ ಅಂತ ಕೇಳ್ತ್” ಎಂದಳು. ಆಗ ಚಿನ್ನವ್ವ ಬಾಗಿಲ ಬಳಿಯ ಕೋಲಿನಿಂದ ಜಿಗಣೆಗೆ ಮುಟ್ಟಿಸುವ ಗಂಟನ್ನು ಬಿಚ್ಚಿದಳು. ಒಳಗೆ ಏನೂ ಉಳಿದಿರಲಿಲ್ಲ. ಆ ಬಟ್ಟೆಯನ್ನೇ ತೊಳೆದು, ಗಂಜಿಯಲ್ಲಿ ಹಾಕಿ ಕುದಿಸಿದಳು. ಬಟ್ಟೆ ಕುಡಿದ ಉಪ್ಪು ಬಿಟ್ಟೀತೆಂದು. ಎರಡು ಗುಟುಕು ಕುಡಿದಳಂತೆ ಗೌರಿ.

ಕೋಲು ಅಲ್ಲೇ ಗೋಡೆಗೆ ಒರಗಿತ್ತು, ಬರಿದೇ ಕೋಲು.

ಉಪ್ಪಿದ್ದಿದ್ದರೆ ಆ ಹುಡುಗಿ ಉಳಿಯುತ್ತಿದ್ದಳೇ? ಅರ್ಧ ಜನ ಉಳಿಯುತ್ತಾರೆ ಎಂದಿದ್ದರು ಕಾಂಪೌಂಡರು. ಅವಳು ಯಾವ ಅರ್ಧದವಳೋ ನನಗೆ ಗೊತ್ತಿಲ್ಲ. ಗೊತ್ತಿಲ್ಲ ಎಂಬುದು ನನಗೆ ಸಮಾಧಾನವಾಗಿ ಒಂದು ದಿನವೂ ಒದಗಲಿಲ್ಲ.

“ಆ ಆಜ್ಞೆ ಬರೆದವನು ನಾನೇ ಚಿನ್ನವ್ವ” ಎಂದೆ.

“ಗೊತ್ತುಟ್ಟು” ಎಂದಳು. ಆಮೇಲೆ ಎದ್ದು, ನಾನು ತಂದ ಉಪ್ಪಿನಿಂದ ತನ್ನ ಪಾಲು ಎರಡು ಹಿಡಿ ತೆಗೆದುಕೊಂಡು, ಮೇಲಿನ ಮನೆಯಲ್ಲಿ ಇಬ್ಬರು ಮಲಗಿದ್ದಾರೆ, ಬೇಗ ಅಲ್ಲಿಗೆ ಒಯ್ಯಿರಿ ಎಂದಳು. ಒಯ್ದೆವು. ಆ ಇಬ್ಬರೂ ಎದ್ದು ಕೂತರು.

ಮಳೆ ಕಳೆದ ಮೇಲೆ ಪಟೇಲರು ಹಂದಿಗೂಡಿನ ಅಟ್ಟದಲ್ಲಿ ಅಡಗಿಸಿಟ್ಟಿದ್ದ ಭತ್ತ ಮುಗ್ಗುಹಿಡಿದು ಮೊಳಕೆಯೊಡೆದಿತ್ತೆಂದು ತಿಳಿಯಿತು. ಸರ್ಕಾರಕ್ಕೂ ಸಿಗಲಿಲ್ಲ, ಅವರಿಗೂ ದಕ್ಕಲಿಲ್ಲ. ಅದೇ ಹೊತ್ತಿಗೆ ಮೇಲಿನಿಂದ ಇನ್ನೊಂದು ಕಾಗದ ಬಂತು: ಹೋದ ವರ್ಷ ಕೊಡದೆ ಉಳಿದ ಭತ್ತವನ್ನು ಬಿಟ್ಟುಬಿಡಲಾಗಿದೆ. ಎರಡೇ ಸಾಲು. ನಾನು ಅದನ್ನು ಕಡತಕ್ಕೆ ಹೊಲಿದೆ. ಹೊಲಿಯುವಾಗ ಸೂಜಿ ಕೈಗೆ ಚುಚ್ಚಿಕೊಂಡೆ, ಬೇಕೆಂದೇ ಎಂದರೂ ತಪ್ಪಲ್ಲ.

ಅಳಿಯನಿಗೆ ಉಪಯೋಗವಾಗುವ ಮಾತು ಇಲ್ಲಿದೆ. ಆ ವರ್ಷದಿಂದ ನಾನು ಹೊಳೆಯಾಚೆಯ ಊರುಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಮೇಜಿನ ಗಾಜಿನ ಕೆಳಗಿಟ್ಟುಕೊಂಡೆ. ಯಾವ ಊರಿನವರು ಯಾವ ತಿಂಗಳು ಏನು ಕೊಳ್ಳುತ್ತಾರೆ, ಯಾವಾಗ ದಾರಿ ಮುಚ್ಚುತ್ತದೆ ಎಂದು. ಸರ್ಕಾರ ಬದಲಾಯಿತು, ಲಾರಿ ಬಂತು, ಸೇತುವೆ ಬಂತು, ಪಾರುಪತ್ಯಗಾರರ ಹೆಸರೇ ಹೋಯಿತು. ಆ ಹಾಳೆಯನ್ನು ನಾನು ನಿವೃತ್ತನಾಗುವವರೆಗೂ ತಿದ್ದುತ್ತಿದ್ದೆ. ಹೊಸಬರು ಇದೇನು ಜಾತಕವೇ ಎಂದು ನಗುತ್ತಿದ್ದರು. ಯಾರಿಗಾದರೂ ಏನನ್ನಾದರೂ ನಿಲ್ಲಿಸಿ ಎಂದು ಮೇಲಿನಿಂದ ಕಾಗದ ಬಂದರೆ, ಅದು ನಿಲ್ಲುವುದು ಯಾರ ಒಲೆಯ ಮುಂದೆ ಎಂದು ಮೊದಲು ನಡೆದುಹೋಗಿ ನೋಡು. ಭರಣಿ ಇರುವವನ ಮನೆಯಲ್ಲಿ ಅದು ನಿಲ್ಲುವುದಿಲ್ಲ.

ಆ ಅಕ್ಟೋಬರಿನಲ್ಲಿ ಮತ್ತೆ ಪೈರಿನ ಅಂದಾಜಿಗೆ ಹೋಗಬೇಕಾಯಿತು. ಬೇರೆಯವರನ್ನು ಕಳಿಸಿ ಎಂದು ಕೇಳಿದೆ. “ನೀನೇ ಹೋಗಬೇಕಾದ್ದು” ಎಂದರು ಪಾರುಪತ್ಯಗಾರರು. ಅವರ ಬಾಯಿಂದ ಬಂದ ಧೈರ್ಯದ ಮಾತು ಅದೊಂದೇ.

ಚಿನ್ನವ್ವನ ಮನೆಯ ಮುಂದಿನಿಂದಲೇ ದಾರಿ. ತಲೆ ತಗ್ಗಿಸಿ ದಾಟಿಬಿಡಬೇಕೆಂದು ಬೇಗಬೇಗ ನಡೆಯುತ್ತಿದ್ದೆ. ಎರಡೂ ಕಾಲಿನಿಂದ ರಕ್ತ ಇಳಿಯುತ್ತಿತ್ತು. ಜಿಗಣೆಗಳು ಹೊಟ್ಟೆ ತುಂಬ ಕುಡಿಯಲಿ ಎಂದು ಬಿಟ್ಟಿದ್ದೆ.

“ಗುಮಾಸ್ತರೇ” ಎಂದು ಕರೆದಳು.

ನಿಂತೆ. ಒಳಗಿನಿಂದ ಕೋಲು ಹಿಡಿದುಕೊಂಡು ಬಂದಳು. ತುದಿಗೆ ಹೊಸ ಗಂಟು, ತುಂಬಿದ ಗಂಟು. ಅಂಗಳದ ಕಲ್ಲಿನ ಮೇಲೆ ಕೂರಲು ಹೇಳಿದಳು. ನನಗೆ ಅಳು ಬಂತು, ಗಂಡಸಾದರೂ ತಡೆಯಲಿಲ್ಲ. ಅವಳು ಅದನ್ನು ನೋಡಿಯೂ ನೋಡದವಳಂತೆ, ಗಂಟನ್ನು ನೀರಿಗದ್ದಿ ಒಂದೊಂದಕ್ಕೇ ಮುಟ್ಟಿಸುತ್ತ ಬಂದಳು. ಒಂದೊಂದೇ ಉದುರಿದವು.

“ಇನ್ನೊಂದು ಕಾಲ್” ಎಂದಳು.